ಎರಡು ದನಿಯ ಜಿನ್

ನನ್ನ ಜಾಡಿಯಿಂದ ಒಂದೇ ಒಂದು ಹನಿ ಜಿನ್ ಜಾರಿ ಮೋರಿಗೆ ಬಿದ್ದ ಸಂಜೆ, ನಮ್ಮ ಬೀದಿಯ ಸೊಳ್ಳೆಗಳೆಲ್ಲ ಮೋರಿಯ ಅಂಚಿನ ಮೇಲೆ ಸಾಲಾಗಿ ಕೂತು, ತಾವು ಅದುವರೆಗೆ ಕಚ್ಚಿದವರನ್ನೆಲ್ಲ ಹೆಸರು ಹಿಡಿದು ಕರೆದು ಕ್ಷಮೆ ಕೇಳಿದವು. ನಾನು ಕಣ್ಣಾರೆ ಕಂಡೆ. ನನ್ನ ಹೆಸರು ಎಲ್ಲರಿಗಿಂತ ಹೆಚ್ಚು ಸಲ ಬಂತು. ನಂಬದವರು ಬಂದು ಸೊಳ್ಳೆಗಳನ್ನೇ ವಿಚಾರಿಸಬಹುದು. ಊರು ಎಲ್ಲಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಬಸ್ಸಿನವರು ನಮ್ಮೂರ ಹೆಸರಿನ ಬೋರ್ಡು ಬರೆಸುವುದನ್ನು ಮರೆತು ಬಹಳ ಕಾಲವಾಯಿತು. ಇಳಿಯಬೇಕಾದವರು ವಾಸನೆ ಹಿಡಿದು ಇಳಿಯುತ್ತಾರೆ.

ನಾನು ಗವಿರಂಗಪ್ಪ. ಆಟೋದಲ್ಲಿ ಕೂತು ಮೈಕು ಹಿಡಿದು ಊರೆಲ್ಲ ಸುತ್ತಿ ಕೂಗುವುದು ನನ್ನ ಕಸುಬು. ಸೀರೆ ಸೇಲು, ಹಲ್ಲಿನ ಡಾಕ್ಟರ ಶಿಬಿರ, ನಾಳೆ ನಲ್ಲಿಯಲ್ಲಿ ನೀರಿಲ್ಲ ಎಂಬ ಸಮಾಚಾರ, ಯಾವುದಾದರೂ ಸರಿ, ನನ್ನ ಬಾಯಿಂದ ಬಂದರೆ ಅದಕ್ಕೊಂದು ಕಳೆ. ನೀರಿಲ್ಲ ಎಂದು ನಾನು ಕೂಗಿದ್ದನ್ನು ಕೇಳಿದವರು ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಂತದ್ದುಂಟು. ಅಷ್ಟು ಆಸೆ ಹುಟ್ಟಿಸುವ ದನಿ. ಒಮ್ಮೆ ಹಲ್ಲಿನ ಶಿಬಿರದ ವಿಷಯ ಕೂಗಿ ಮುಗಿಸುವಷ್ಟರಲ್ಲಿ ಹಲ್ಲು ಗಟ್ಟಿಯಾಗಿದ್ದವರೂ ಹೋಗಿ ಕೀಳಿಸಿಕೊಂಡು ಬಂದರು, ಆಮೇಲೆ ನನಗೇ ಬೈದರು. ಹಲ್ಲಿಲ್ಲದ್ದರಿಂದ ಏನೆಂದು ಬೈದರೋ ತಿಳಿಯಲಿಲ್ಲ.

ನಮ್ಮೂರಲ್ಲಿ ಯಾರೂ ಜಿನ್ ಕಾಯಿಸುವುದಿಲ್ಲ, ನೆನೆಹಾಕುತ್ತಾರೆ. ನೀರಿನ ಕಂದಾಯ ಕಟ್ಟಿದ ಮನೆಗಳಿಗೆಲ್ಲ ಮುನ್ಸಿಪಾಲಿಟಿಯವರೇ ಬಣ್ಣವೂ ಇಲ್ಲದ, ರುಚಿಯೂ ಇಲ್ಲದ ಸಾರಾಯಿಯನ್ನು ಕ್ಯಾನಿನಲ್ಲಿ ಕಳಿಸುತ್ತಾರೆ. ನೀರು ತಪ್ಪಬಹುದು, ಇದು ತಪ್ಪುವುದಿಲ್ಲ. ಅದನ್ನು ಗಾಜಿನ ಜಾಡಿಗೆ ಸುರಿದು, ಗ್ರಂಧಿಗೆ ಅಂಗಡಿಯಿಂದ ತಂದ ಒಣ ಜುನಿಪರ್ ಕಾಯಿ ಒಂದು ಹಿಡಿ ಹಾಕಬೇಕು. ಕಪ್ಪಗೆ, ಮೆಣಸಿಗಿಂತ ಒಂದು ಸುತ್ತು ದಪ್ಪ. ಹಲ್ಲಲ್ಲಿ ಕಚ್ಚಿದರೆ ಹೊಸ ಬಾಗಿಲಿಗೆ ಪಾಲಿಶು ಹೊಡೆದ ವಾಸನೆ. ಅದಿಲ್ಲದೆ ಜಿನ್ ಇಲ್ಲ. ಆಮೇಲೆ ಜಜ್ಜಿದ ಕೊತ್ತಂಬರಿ ಬೀಜ, ಏಲಕ್ಕಿ, ಒಂದು ಚೂರು ಚಕ್ಕೆ, ಕಿತ್ತಳೆ ಸಿಪ್ಪೆ. ಸಿಪ್ಪೆಯ ಒಳಗಿನ ಬಿಳಿಯನ್ನು ಕೆರೆದು ತೆಗೆಯದಿದ್ದರೆ ಎಲ್ಲ ಕಹಿ. ನಾನು ಕೆರೆದ ಸಿಪ್ಪೆ ಎಷ್ಟು ತೆಳುವೆಂದರೆ ಅದನ್ನು ಕಣ್ಣಿಗೆ ಹಿಡಿದು ಪೇಪರು ಓದಬಹುದು. ಓದಿದ್ದೇನೆ, ಸುದ್ದಿಯೆಲ್ಲ ಕಿತ್ತಳೆ ಬಣ್ಣಕ್ಕಿತ್ತು. ಕೊನೆಗೆ ಲಾವಂಚದ ಬೇರು, ಮಜ್ಜಿಗೆಹುಲ್ಲಿನ ಒಂದು ಗಂಟು. ಜಾಡಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಆಗಾಗ ಕುಲುಕಿ, ಬಣ್ಣ ತಿಳಿ ಚಿನ್ನಕ್ಕೆ ತಿರುಗಿದಾಗ ಹಳೇ ಪಂಚೆಯಲ್ಲಿ ಸೋಸಿದರೆ ಕೈಯ ಕೆಲಸ ಮುಗಿಯಿತು.

ಬಾಯಿಯ ಕೆಲಸ ಬೇರೆ ಇದೆ. ಎಂಥ ಮಸಾಲೆ ಹಾಕಿ, ಎಂಥ ಕೈಗುಣವಿರಲಿ, ಮನೆಯಲ್ಲಿ ಮಾತಿಲ್ಲದಿದ್ದರೆ ನಮ್ಮೂರ ಜಿನ್ ಸಪ್ಪೆ. ಜಾಡಿ ನೆನೆಯುವ ದಿನಗಳಲ್ಲಿ ಅದರ ಸುತ್ತ ಆಡಿದ ಮಾತು ಅದರೊಳಗೆ ಇಳಿಯಬೇಕು. ಅದೂ ಕಡಿಮೆಯೆಂದರೆ ಎರಡು ದನಿ. ಒಬ್ಬರು ಏನೋ ಅನ್ನಬೇಕು, ಇನ್ನೊಬ್ಬರು ಅದಕ್ಕೆ ಏನೋ ಅನ್ನಬೇಕು. ಒಂಟಿ ದನಿ ಜಾಡಿಯ ಗಾಜಿಗೆ ತಾಗಿ ಕೆಳಗೆ ಬಿದ್ದುಹೋಗುತ್ತದೆ. ನಕ್ಕ ಮನೆಯ ಜಿನ್ನಿಗೆ ಕೊನೆಯಲ್ಲೊಂದು ಸಿಹಿ, ಕಿತ್ತಾಡಿದ ಮನೆಯದಕ್ಕೆ ನಾಲಗೆ ಮಡಚುವ ಒಗರು. ಗುಟುಕು ಕುಡಿದರೆ ರುಚಿಯಷ್ಟೇ ಗೊತ್ತಾಗುತ್ತದೆ. ಲೋಟ ತುಂಬ ಕುಡಿದರೆ ಮಾತೇ ಮೇಲೆ ಬರುತ್ತದೆ, ಆ ಮನೆಯವರ ದನಿಯಲ್ಲೇ, ಕುಡಿದವರ ಬಾಯಿಂದ. ಆದ್ದರಿಂದ ಇನ್ನೊಬ್ಬರ ಮನೆಯಲ್ಲಿ ಲೋಟ ತುಂಬ ಕುಡಿಯುವುದು ನಮ್ಮಲ್ಲಿ ಅವರ ಬೀರು ತೆಗೆದು ನೋಡಿದಷ್ಟೇ ಅಸಹ್ಯ. ಮನೆಯವರು ಲೋಟ ತುಂಬ ತಗೊಳ್ಳಿ ಎಂದು ಉಪಚಾರ ಮಾಡಬೇಕು, ಬಂದವರು ಗುಟುಕು ಸಾಕು ಎಂದು ಕೈ ಅಡ್ಡ ಹಿಡಿಯಬೇಕು. ಇದು ಮರ್ಯಾದೆ.

ಇಂಥ ಜಾಡಿಯ ಎದುರು ಜನ ಹೇಗೆ ಬದುಕುತ್ತಾರೆ ಎಂದರೆ, ಜಾಣತನದಿಂದ ಬದುಕುತ್ತಾರೆ. ಮನೆಯೊಳಗೆ ಜಗಳವಾಡುವಂತಿಲ್ಲವೆಂದು ಬಸ್‌ಸ್ಟಾಂಡಿನ ಹಿಂದೆ ಮುನ್ಸಿಪಾಲಿಟಿಯವರು ಒಂದು ಜಗಳದ ಕಟ್ಟೆ ಕಟ್ಟಿಸಿದ್ದಾರೆ. ಮೇಲೆ ಶೀಟಿನ ಚಾವಣಿ, ಕುಡಿಯುವ ನೀರಿನ ಗುಡಾಣ, ಅತ್ತೆ ಸೊಸೆಯರಿಗೆ ಪ್ರತ್ಯೇಕ ಜಾಗ. ಸಂಜೆಯಾದರೆ ಗಂಡ ಹೆಂಡಿರು ಕೈ ಕೈ ಹಿಡಿದು ವಾಕಿಂಗು ಹೊರಟಂತೆ ಹೊರಟು ಅಲ್ಲಿ ಸಾಲು ನಿಲ್ಲುತ್ತಾರೆ. ಹಿಂದಿನವರು ಮುಂದಿನವರಿಗೆ, ಬೇಗ ಮುಗಿಸ್ರಪ್ಪಾ, ಅನ್ನಕ್ಕಿಟ್ಟು ಬಂದಿದೀವಿ ಎನ್ನುತ್ತಾರೆ. ಬೈದಾಡಿ ಬಾಯಿ ಮುಕ್ಕಳಿಸಿಕೊಂಡು ಮನೆಗೆ ಬಂದು ಜಾಡಿಯ ಪಕ್ಕ ಕೂತು, ಏನ್ರೀ ಇವತ್ತು ಸಾರು ಚೆನ್ನಾಗಿದೆಯೇ, ಬಹಳ ಚೆನ್ನಾಗಿದೆ ಕಣೇ, ಎಂದು ಒಪ್ಪಿಸುತ್ತಾರೆ. ಆ ಮನೆಗಳ ಜಿನ್ ಕುಡಿದು ನೋಡಬೇಕು. ಸಕ್ಕರೆ ಕಾಯಿಲೆಯವರ ಸಿಹಿ ಮಾತ್ರೆ ಚೀಪಿದ ಹಾಗೆ. ಹೆಡ್‌ಮಾಸ್ತರರ ಮನೆಯದಂತೂ ಗುಟುಕಿಗೇ ಚಪ್ಪಾಳೆ ತಟ್ಟಬೇಕೆನಿಸುತ್ತದೆ, ಆಮೇಲೆ ನಿದ್ದೆ ಬರುತ್ತದೆ. ಇನ್ನು ಕೆಲವರು ಜಾಡಿಯ ಮುಂದೆ ಟೀವಿ ಹಚ್ಚಿಟ್ಟರು. ಜಿನ್ ಪಾತ್ರೆ ತೊಳೆಯುವ ಸೋಪಿನ ರುಚಿಗೆ ಬಂತು. ಯಾರೋ ಒಬ್ಬ, ಹೆಸರು ಬೇಡ ಬಿಡಿ, ತಾನೇ ಗಂಡು ದನಿಯಲ್ಲೊಮ್ಮೆ ಹೆಣ್ಣು ದನಿಯಲ್ಲೊಮ್ಮೆ ಮಾತಾಡಿಕೊಂಡು ಜಾಡಿಯನ್ನು ಯಾಮಾರಿಸಲು ನೋಡಿದನಂತೆ. ಜಾಡಿ ಯಾಮಾರಲಿಲ್ಲ. ಹೆಣ್ಣು ದನಿ ಮಾತ್ರ ಬಹಳ ಚೆನ್ನಾಗಿತ್ತೆಂದು ಕೇಳಿದ್ದೇನೆ.

ಇಷ್ಟು ಪರದಾಟ ಯಾಕೆಂದರೆ, ಜಾಡಿ ಸಪ್ಪೆಯಾದ ಮನೆ ನಮ್ಮೂರಿನ ಕಾನೂನಿನಲ್ಲಿ ಖಾಲಿ ಮನೆ. ವರ್ಷಕ್ಕೊಮ್ಮೆ ಜಾಡಿ ಇನ್ಸ್‌ಪೆಕ್ಟರು ಮನೆ ಮನೆಗೆ ಬಂದು ಗುಟುಕು ಹಾಕಿ ನೋಡುತ್ತಾರೆ. ರುಚಿಯಿದ್ದರೆ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದ ಗೆರೆ. ಇಲ್ಲದಿದ್ದರೆ ಆ ಮನೆ ಬೇಕೆಂದವರಿಗೆ ಹೋಯಿತು. ಅಂಚೆಕಚೇರಿ ಗಲ್ಲಿಯಲ್ಲಿ ಗಂಡ ಹೆಂಡತಿ ಇಬ್ಬರು ಫ್ಯಾನು ಎಷ್ಟು ಜೋರು ತಿರುಗಬೇಕು ಎಂಬುದರ ಮೇಲೆ ಮಾತು ಬಿಟ್ಟಿದ್ದರು. ಇನ್ಸ್‌ಪೆಕ್ಟರು ಬಂದಾಗ ಇಬ್ಬರೂ ಹಜಾರದಲ್ಲೇ ಕೂತಿದ್ದರು. ಗುಟುಕು ಹಾಕಿದರು, ಖಾಲಿ ಮನೆ ಎಂದರು, ಹೊಸಬರ ಸಾಮಾನು ಬಂದು ಇವರ ಸುತ್ತ ಇಳಿಯಿತು. ಬೀದಿಗೆ ಬಂದ ಮೇಲೆ ಇಬ್ಬರೂ ಎಷ್ಟು ಮಾತಾಡಿದರೆಂದರೆ ಇವತ್ತಿಗೂ ನಿಲ್ಲಿಸಿಲ್ಲ. ಏನು ಬಂತು, ಮನೆ ಹೋಯಿತಲ್ಲ.

ನನ್ನ ಮನೆಯ ಮೇಲೆ ಕಣ್ಣು ಹಾಕಿದ್ದವನು ಕೌನ್ಸಿಲರ್ ಬೋರಲಿಂಗು. ಈರುಳ್ಳಿ ವ್ಯಾಪಾರ, ಈರುಳ್ಳಿಯಷ್ಟೇ ಪದರು. ನನ್ನ ಮನೆ ಅವನ ಮಂಡಿಯ ಬೆನ್ನಿಗೇ ಇತ್ತು, ಅವನಿಗೆ ಗೋಡೌನು ಬೇಕಿತ್ತು. ನಾನು ಒಳಗೆ ಕೂತು ಊಟ ಮಾಡುತ್ತಿರುವಾಗಲೇ ಬಂದು, ನೀವು ಉಣ್ಣಿ ನೀವು ಉಣ್ಣಿ ಎನ್ನುತ್ತ ಕಿಟಕಿಗೆ ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದ. ಒಂದು ಸಲ ನನ್ನ ತಟ್ಟೆಯ ಪಕ್ಕದಲ್ಲೇ ಮೂಟೆ ಎಷ್ಟು ಬರಬಹುದೆಂದು ಕಾಲಲ್ಲಿ ಅಳೆದ. ಒಂಟಿ ಆಳಿಗೆ ಇಷ್ಟು ದೊಡ್ಡ ಮನೆ ಯಾಕೆ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಒಂಟಿಯಂತೆ. ನನ್ನ ಮನೆಗೆ ಬರುವ ಜನವನ್ನು ಅವನು ಕಂಡಿದ್ದನೇ? ಸಂಜೆಯಾದರೆ ನನ್ನ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗವಿರುತ್ತಿರಲಿಲ್ಲ. ಹವಾಯಿ, ಬೂಟು, ಹೆಣ್ಣುಮಕ್ಕಳ ಹಿಮ್ಮಡಿ ಚಪ್ಪಲಿ, ಮಕ್ಕಳ ಪೀಪಿ ಚಪ್ಪಲಿ, ಎಲ್ಲ ರಾಶಿ. ನೆಂಟರು, ಇಷ್ಟರು, ಪರವೂರಿನ ಪಂಡಿತರು. ಒಮ್ಮೆ ಜನ ಹೆಚ್ಚಾಗಿ ಗೋಡೆ ಹೊರಗೆ ಉಬ್ಬಿತು, ಅವರು ಎದ್ದು ಹೋದ ಮೇಲೆ ಒಳಗೆ ಬಂತು. ಇದನ್ನು ನಾನು ಮೈಕಿನಲ್ಲೂ ಕೂಗಿದ್ದೆ. ಸೀರೆ ಸೇಲಿನ ನಡುವೆ, ಬಂಧುಗಳೇ, ಇವತ್ತು ಸಂಜೆ ಗವಿರಂಗಪ್ಪನ ಮನೆಯಲ್ಲಿ ನೆಂಟರ ನೂಕುನುಗ್ಗಲು ಇರುವುದರಿಂದ ವಾಹನ ಸವಾರರು ಪಕ್ಕದ ರಸ್ತೆ ಬಳಸಿ, ಎಂದು. ಕೆಲವರು ಬಳಸಿದರು.

ಜಾಡಿ ಇಡುವ ಜಾಗದಲ್ಲೂ ನನ್ನದೊಂದು ಗುಟ್ಟಿತ್ತು. ಎಲ್ಲರೂ ಹಜಾರದ ನಡುವೆ ಇಟ್ಟರೆ ನಾನು ಉತ್ತರದ ಗೋಡೆಯ ಗೂಡಿನಲ್ಲಿ ಇಡುತ್ತಿದ್ದೆ. ಕೇಳಿದವರಿಗೆ ತಂಪು ಎಂದು ಹೇಳುತ್ತಿದ್ದೆ. ಗೋಡೆಯ ಆ ಕಡೆ ಓಬಳೇಶ ಮತ್ತು ಅವನ ಹೆಂಡತಿ ಲಕ್ಕಮ್ಮ. ಓಬಳೇಶ ಕುಕ್ಕರು, ಸ್ಟೌವು ರಿಪೇರಿ ಮಾಡುವವನು. ಲಕ್ಕಮ್ಮ ಅವನು ರಿಪೇರಿ ಮಾಡಿದ್ದರಲ್ಲೆಲ್ಲ ಅಡಿಗೆ ಮಾಡಿ ನೋಡುವವಳು. ಇಬ್ಬರಿಗೂ ಬಾಯಿ ಮುಚ್ಚಿ ಗೊತ್ತಿಲ್ಲ. ಕುಕ್ಕರು ಕೂಗಿದರೆ ಅದರ ಮೇಲೊಂದು ಮಾತು, ಕೂಗದಿದ್ದರೆ ಇನ್ನೊಂದು. ನಕ್ಕರೆ ನಮ್ಮ ಕಡೆಯ ಸುಣ್ಣ ಉದುರುತ್ತಿತ್ತು. ಅವರಿಗೆ ಜಗಳದ ಕಟ್ಟೆಯೂ ಬೇಡ, ಮನೆಯಲ್ಲೇ ಬೈದುಕೊಂಡು ಅದರಲ್ಲೇ ನಗುತ್ತಿದ್ದರು. ಗೂಡಿನ ಹಿಂಭಾಗ ಇಟ್ಟಿಗೆ ಒಂದೇ ಸಾಲು. ಅವಳು ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ. ಆದರೂ ಜಾಗ ಬಹಳ ತಂಪು.

ವರ್ಷ ವರ್ಷ ನನ್ನ ಜಾಡಿ ಪಾಸಾಗುತ್ತ ಬಂತು. ಇನ್ಸ್‌ಪೆಕ್ಟರು ವನಜಾಕ್ಷಮ್ಮ ದಪ್ಪ ಕನ್ನಡಕದ, ನೀಟಾಗಿ ಸೀರೆ ಪಿನ್ನು ಹಾಕಿದ, ನಗುವ ಅಭ್ಯಾಸವಿಲ್ಲದ ಹೆಂಗಸು. ಊರಿನ ಪ್ರತಿ ಮನೆಯ ಒಳಗಿನ ರುಚಿ ಗೊತ್ತಿರುವವರಿಗೆ ಊರಿನ ಮೇಲೆ ಗೌರವ ಎಷ್ಟಿರುತ್ತದೋ ಅಷ್ಟೇ ಅವರ ಮುಖದಲ್ಲಿತ್ತು. ನನ್ನ ಜಿನ್ ಗುಟುಕು ಹಾಕಿದಾಗ ಮಾತ್ರ ಹುಬ್ಬು ಒಂದಿಷ್ಟು ಸಡಿಲವಾಗುತ್ತಿತ್ತು. ಮನೆ ತುಂಬ ಜನ ಇದ್ದ ಹಾಗಿದೆ ಗವಿರಂಗಪ್ನೋರೆ ಎಂದು ಗೆರೆ ಎಳೆದು ಹೋಗುತ್ತಿದ್ದರು. ಆ ದಿನ ನಾನು ಯಾರನ್ನೂ ದುಡ್ಡು ಕೇಳದೆ ಊರು ಸುತ್ತಿ ಕೂಗುತ್ತಿದ್ದೆ.

ಈ ಸಲ ತನಿಖೆಯ ದಿನ ಅವರ ಹಿಂದೆಯೇ ಬೋರಲಿಂಗು ಬಂದ. ಕೈಯಲ್ಲಿ ಟೇಪು ಇತ್ತು. ಬೇಸಿಗೆ, ಸೂರ್ಯ ನೆತ್ತಿಗೆ ಬಂದಿದ್ದ, ವನಜಾಕ್ಷಮ್ಮ ಬೆಳಿಗ್ಗೆಯಿಂದ ಬೀದಿ ಸುತ್ತಿ ಬಸವಳಿದಿದ್ದರು. ಬೋರಲಿಂಗು ಬಾಗಿಲಲ್ಲಿ ನಿಂತು ಚಪ್ಪಲಿ ರಾಶಿಯನ್ನು ಕಾಲಲ್ಲಿ ಕೆದಕಿ, ಇದರಲ್ಲಿ ಒಂದಕ್ಕೂ ಜೋಡಿಯಿಲ್ಲ ನೋಡಿ ಮೇಡಂ ಎಂದ. ಬಂದವರೆಲ್ಲ ಒಂಟಿಕಾಲಿನವರಾ ಎಂದು ಕೇಳಿದ. ಬೀದಿಯವರು ಇಣುಕುತ್ತಿದ್ದರು. ಒಬ್ಬರು ನಕ್ಕರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಗುಟುಕು ಹಾಕಿ ಗೆರೆ ಎಳೆದು ಹೋಗುತ್ತಿದ್ದರು. ಆದರೆ ನಕ್ಕವರ ಮುಂದೆ ಸುಮ್ಮನಿರುವ ಬಾಯಿ ನನ್ನದಲ್ಲ. ಒಂಟಿಕಾಲಿನವರಲ್ಲ ಸ್ವಾಮಿ, ಜನ ಹೆಚ್ಚಾಗಿ ಹೋಗುವಾಗ ಒಬ್ಬರದನ್ನೊಬ್ಬರು ಹಾಕಿಕೊಂಡು ಹೋಗುತ್ತಾರೆ ಎಂದೆ. ನಿನ್ನೆ ಸಂಜೆ ಬಂದವರಲ್ಲಿ ಇಬ್ಬರು ನನ್ನ ಮಾತು ಕೇಳುತ್ತ ಊಟ ಮರೆತರು, ಒಬ್ಬ ಊರು ಮರೆತ, ಅವನನ್ನು ಬಸ್ಸು ಹತ್ತಿಸಬೇಕಾದರೆ ಸಾಕಾಯಿತು ಎಂದೆ. ಜಾಡಿ ತಂದೆ. ಗುಟುಕಿನ ಬಟ್ಟಲು ಸರಿಸಿ ದೊಡ್ಡ ಹಿತ್ತಾಳೆ ಲೋಟ ಇಟ್ಟೆ. ಕಂಠದವರೆಗೆ ತುಂಬಿದೆ.

“ಇವತ್ತು ಗುಟುಕು ಬ್ಯಾಡ ಅಮ್ಮಾರೆ. ಲೋಟ ತುಂಬ ತಗೊಳ್ಳಿ. ನನ್ನ ಮನೆ ಮಾತು ಊರು ಕೇಳ್ಲಿ,” ಎಂದೆ.

ಇದು ಉಪಚಾರದ ಮಾತು. ಎಲ್ಲ ಮನೆಗಳಲ್ಲೂ ಅನ್ನುತ್ತಾರೆ. ಅವರು ಕೈ ಅಡ್ಡ ಹಿಡಿಯಬೇಕಿತ್ತು. ಹಿಡಿದರು ಕೂಡ. ನಾನು ಅಷ್ಟಕ್ಕೆ ಬಿಡದೆ ಬೋರಲಿಂಗುವಿನ ಮುಖ ನೋಡುತ್ತ ಇನ್ನೊಮ್ಮೆ ಅಂದೆ, ಮತ್ತೊಮ್ಮೆ ಅಂದೆ. ವನಜಾಕ್ಷಮ್ಮ ಕನ್ನಡಕ ತೆಗೆದು ಬೆವರು ಒರೆಸಿಕೊಂಡರು, ಲೋಟ ನೋಡಿದರು, ಇಷ್ಟು ಹೇಳ್ತೀರಲ್ಲ ಎಂದು ಎತ್ತಿ ಒಂದೇ ಉಸಿರಿಗೆ ಕುಡಿದುಬಿಟ್ಟರು. ಬೀದಿಯವರು ಉಸಿರು ಹಿಡಿದುಕೊಂಡದ್ದು ನನಗೆ ಕೇಳಿಸಿತು.

ಮೊದಲು ಒಂದು ತೇಗು ಬಂತು. ಆಮೇಲೆ ಆ ನಗದ ಬಾಯಿಂದ ಓಬಳೇಶನ ಗೊಗ್ಗರು ದನಿ. ಈ ಕುಕ್ಕರು ನಿಮ್ಮಮ್ಮನ ಹಾಗೆ, ತಣ್ಣಗಿದ್ದಾಗಲೂ ಬುಸುಗುಡುತ್ತದೆ ಎಂದಿತು. ಅದರ ಬೆನ್ನಿಗೇ ಲಕ್ಕಮ್ಮನ ನಗು, ನಮ್ಮಮ್ಮನಿಗೆ ಗ್ಯಾಸ್ಕೆಟ್ಟಾದರೂ ನೆಟ್ಟಗಿದೆ, ನಿನಗೆ ಅದೂ ಇಲ್ಲ ಎಂದು. ಗುಂಪು ಘೊಳ್ಳೆಂದಿತು. ನೆಂಟರು ಎಂದೆ ನಾನು. ನನ್ನ ನೆಂಟರಲ್ಲೂ ಕುಕ್ಕರು ರಿಪೇರಿಯವರಿದ್ದಾರೆ ಎಂದೆ. ಅಷ್ಟರಲ್ಲಿ ವನಜಾಕ್ಷಮ್ಮನ ಬಾಯಿಯಲ್ಲಿ ಲಕ್ಕಮ್ಮನ ದನಿ ತಗ್ಗಿತು.

“ಏ, ತಡಿ. ಗವಿಯಣ್ಣ ಜಾಡಿ ತಂದು ಗೋಡೆಗಿಟ್ರು.”

“ಇಟ್ಕೊಳ್ಳಿ ಬಿಡೇ,” ಎಂದಿತು ಓಬಳೇಶನ ದನಿ. “ಅವರ ಮನೆಗೆ ಇನ್ಯಾರು ಬರ್ತಾರೆ. ಒಂದೆರಡು ಮಾತು ಜೋರಾಗಾಡು, ಅವರ ಜಾಡಿಗೂ ಇಳೀಲಿ.”

“ಪಾಪ, ಊರಿಗೆಲ್ಲ ಕೂಗ್ತಾರೆ. ಮನೇಲಿ ಹೂಂ ಅನ್ನೋರು ಒಬ್ಬರಿದ್ದಿದ್ರೆ ಅಷ್ಟು ಕೂಗ್ತಿರ್ಲಿಲ್ಲ ಆ ಮನ್ಷ.”

ಬೀದಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಅದಕ್ಕೇನಾದರೂ ಹೇಳುತ್ತಿದ್ದೆ. ವನಜಾಕ್ಷಮ್ಮ ತಮ್ಮ ಬಾಯನ್ನು ತಾವೇ ಕೈಯಲ್ಲಿ ಮುಚ್ಚಿಕೊಂಡು ಕೂತರು. ಬೋರಲಿಂಗು ಟೇಪಿನ ತುದಿಯನ್ನು ಕಿಟಕಿಗೆ ಸಿಕ್ಕಿಸಿದ.

ದನಿಗೆ ದನಿ ಓಡಿ ಬಂದ ಹಾಗೆ ಲಕ್ಕಮ್ಮ ಬಂದಳು, ಕೈಯಲ್ಲಿ ಸೌಟು ಹಿಡಿದೇ. ವಿಷಯ ತಿಳಿದು ಬೋರಲಿಂಗುವಿನ ಟೇಪನ್ನು ಸೌಟಿನಿಂದಲೇ ಬಿಡಿಸಿದಳು. ಅದು ನಮ್ಮ ಮಾತೇ ಹೌದು, ಆದರೆ ಇವರಿಗೆ ಅಂತಲೇ ಆಡಿದ್ದು, ಯಾರಿಗೆ ಅಂತ ಆಡಿದ ಮಾತೋ ಅದು ಅವರ ಮನೇದು ಎಂದು ವಾದಿಸಿದಳು. ಬೋರಲಿಂಗು, ಹಾಗಾದರೆ ನನ್ನ ಭಾಷಣವೆಲ್ಲ ಜನರ ಮನೇದಾ ಎಂದ. ಅದನ್ನ ಯಾರೂ ಮನೆಗೆ ತಗೊಂಡೋಗಲ್ಲ ಎಂದಳು. ವನಜಾಕ್ಷಮ್ಮ ಕಾನೂನನ್ನು ಬಾಯಲ್ಲೇ ಒಪ್ಪಿಸಿ ನೋಡಿದರು. ಕಾನೂನಿನಲ್ಲಿ ಎರಡು ದನಿ ಎಂದಿದೆ, ಗೋಡೆಯ ಯಾವ ಕಡೆ ಎಂದಿಲ್ಲ. ಆದರೆ ಈ ಮನೆಯ ಮಾತು ಎನ್ನಬೇಕಾದರೆ ಈ ಕಡೆಯಿಂದ ಒಂದು ದನಿಯಾದರೂ ಇರಬೇಕು. ಕೊನೆಗೆ ನನ್ನ ಕಡೆ ತಿರುಗಿದರು.

“ಗವಿರಂಗಪ್ನೋರೆ, ಅವರು ಅಷ್ಟು ಮಾತಾಡಿದಾರೆ. ನೀವು ಈ ಕಡೆಯಿಂದ ಒಂದ್ಸಲನಾದ್ರೂ ಉತ್ತರ ಕೊಟ್ಟಿದೀರಾ? ಹೌದು ಅಂದ್ರೆ ಮನೆ ನಿಮ್ದು.”

ಲಕ್ಕಮ್ಮ ನನ್ನನ್ನೇ ನೋಡುತ್ತ ತಲೆಯಾಡಿಸಿದಳು, ಹೂಂ ಅನ್ನಿ ಎನ್ನುವ ಹಾಗೆ. ಬಾಗಿಲ ತುಂಬ ಊರು ನಿಂತಿತ್ತು. ಬಾಯಿಗೆ ಬಂದ ಸುಳ್ಳನ್ನೆಲ್ಲ ಹೇಳಿಕೊಂಡು ಬಂದ ನನಗೆ ಇನ್ನೊಂದು ಪುಟ್ಟ ಸುಳ್ಳು, ಒಂದೇ ಅಕ್ಷರದ್ದು, ಅಷ್ಟೇ ಬೇಕಿತ್ತು.

ನಾನು ಎದ್ದು ನಿಂತೆ. ಎದೆ ಮುಂದೆ ಮಾಡಿ, ಮೈಕಿಲ್ಲದೆಯೇ ಬಸ್‌ಸ್ಟಾಂಡಿಗೆ ಕೇಳುವ ದನಿಯಲ್ಲಿ, ಇಲ್ಲ ಎಂದೆ. ಉತ್ತರ ಕೊಟ್ಟಿಲ್ಲ, ಮನೆ ಹೋದರೆ ಹೋಗಲಿ, ಗವಿರಂಗಪ್ಪ ಸುಳ್ಳು ಹೇಳುವವನಲ್ಲ ಎಂದೆ. ಬೀದಿ ದಂಗಾಯಿತು. ವನಜಾಕ್ಷಮ್ಮ ಬಿಕ್ಕಿ ಬಿಕ್ಕಿ ಅತ್ತರು, ಕಣ್ಣೀರು ಹಿಡಿಯಲು ಇದ್ದ ಪಾತ್ರೆ ಸಾಲಲಿಲ್ಲ. ಬೋರಲಿಂಗು ಆ ಟೇಪನ್ನೇ ಹಾರದ ಹಾಗೆ ನನ್ನ ಕೊರಳಿಗೆ ಹಾಕಿ ಕಾಲಿಗೆ ಬಿದ್ದ. ಸೂರ್ಯಚಂದ್ರರಿರುವವರೆಗೂ ಆ ಮನೆ ನನಗೇ ಎಂದು ಮುನ್ಸಿಪಾಲಿಟಿಯವರು ಅಲ್ಲೇ ನಿಂತು ತೀರ್ಮಾನ ಮಾಡಿದರು. ಶಾಲು ಹೊದೆಸಿದರು. ಆನೆಯ ಮೇಲೆ ಕೂರಿಸಿ ಮೆರವಣಿಗೆ ಹೊರಡಿಸಿದರು. ನನ್ನ ಸತ್ಯದ ತೂಕಕ್ಕೆ ಆನೆಯ ಬೆನ್ನು ಬಗ್ಗಿ, ದಾರಿಯಲ್ಲಿ ಇನ್ನೊಂದು ಆನೆಯನ್ನು ತರಿಸಬೇಕಾಯಿತು.

“ಆ ಎರಡ್ನೇ ಆನೆ ಎಲ್ಲಿಂದ ಬಂತು ಗವಿಯಣ್ಣ?”

ಕೇಳಿದ್ದು ಲಕ್ಕಮ್ಮ. ಬರೆಯುವುದನ್ನು ಬಾಯಲ್ಲಿ ಹೇಳಿಕೊಂಡೇ ಬರೆಯುವುದು ನನ್ನ ಅಭ್ಯಾಸ, ಹೊಸ್ತಿಲ ಹತ್ತಿರ ಹುರುಳಿಕಾಯಿ ಸೋಸುತ್ತ ಅವಳು ಮೊದಲಿಂದ ಕೇಳಿಸಿಕೊಳ್ಳುತ್ತಿದ್ದಾಳೆ. ಇದು ಅವಳ ಮನೆಯೇ. ಮುಂದಿನ ಕೋಣೆ, ಬಾಗಿದ ಕುಕ್ಕರುಗಳ ನಡುವೆ ನನ್ನದೊಂದು ಚಾಪೆ. ಸೊಳ್ಳೆ, ಹಲ್ಲು, ಉಬ್ಬಿದ ಗೋಡೆ, ಎಲ್ಲವನ್ನೂ ಅವಳು ಸುಮ್ಮನೆ ಹೋಗಗೊಟ್ಟಿದ್ದಳು. ಇದನ್ನು ಬಿಡಲಿಲ್ಲ.

“ಅವತ್ತು ನೀವಂದಿದ್ದು ಹೂಂ ಅಂತ,” ಎಂದಳು. “ನಾನು ಅಲ್ಲೇ ಇದ್ದೆ.”

ಇದ್ದಳು. ಹಾಗಾಗಿ ಆನೆಗಳನ್ನು ವಾಪಸು ಕಳಿಸಬೇಕಾಗಿದೆ.

ಹೂಂ ಎಂದೆ. ಒಂದ್ಸಲವೇನು, ದಿನಾ ಉತ್ತರ ಕೊಟ್ಟಿದ್ದೇನೆ, ಗೋಡೆಯಾಚೆ ಈಚೆ ನಮ್ಮದು ಒಂದೇ ಸಂಸಾರವಿದ್ದ ಹಾಗೆ ಎಂದೆ. ಅಲ್ಲಿಗೆ ಮುಗಿಯುತ್ತಿತ್ತು, ಬೋರಲಿಂಗು ಬಿಡಬೇಕಲ್ಲ. ಜಾಡಿಯಲ್ಲಿ ಇನ್ನೂ ಇದೆ ಮೇಡಂ, ಇವರ ದನಿ ಎಲ್ಲಿದೆ ಕೇಳಿಬಿಡೋಣ ಎಂದ. ವನಜಾಕ್ಷಮ್ಮ ಬೇಡ ಎನ್ನುವ ಹಾಗೆ ನನ್ನ ಮುಖ ನೋಡಿದರು. ಕಾನೂನು ಅವರ ಕೈಲಿತ್ತು, ಲೋಟವೂ ಅವರ ಕೈಲಿತ್ತು. ಉಳಿದದ್ದನ್ನು ಬಗ್ಗಿಸಿಕೊಂಡು ಕುಡಿದರು.

ಓಬಳೇಶ ಬಂದ, ಲಕ್ಕಮ್ಮ ಬಂದಳು. ಸ್ಟೌವಿನ ಬತ್ತಿ, ಬದನೆಕಾಯಿ, ಯಾರದೋ ಮದುವೆಯ ಸೀರೆ, ಎಲ್ಲ ಬಂತು. ಎಲ್ಲರೂ ನನ್ನ ದನಿಗೆ ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ, ಎಲ್ಲಾದರೂ ಒಂದು ಕಡೆ ಬಾಯಿ ತಪ್ಪಿ ಏನಾದರೂ ಅಂದಿರಬಹುದೇ ಎಂದು. ಆಮೇಲೆ ಲಕ್ಕಮ್ಮನ ದನಿ ತೀರ ಹತ್ತಿರ ಬಂತು. ಗೋಡೆಗೇ ಬಾಯಿಟ್ಟು ಕೇಳಿದ ಹಾಗೆ.

“ಗವಿಯಣ್ಣ, ಊಟ ಆಯ್ತಾ?”

ಅದರ ಮುಂದೆ ವನಜಾಕ್ಷಮ್ಮನ ಬಾಯಿ ತೆರೆದೇ ಇತ್ತು. ಜಾಡಿಯಲ್ಲಿ ಎಷ್ಟು ಹೊತ್ತಿನ ಮೌನ ಇಳಿದಿತ್ತೋ ಅಷ್ಟು ಹೊತ್ತೂ ಆ ಬಾಯಿ ಹಾಗೇ ತೆರೆದಿತ್ತು. ಬೋರಲಿಂಗು ಕೂಡ ಆಚೆ ನೋಡಿದ. ಕಡೆಗೆ, ಮಲಗಿರಬೇಕು ಬಿಡೇ, ಎಂಬ ಓಬಳೇಶನ ದನಿ ಬಂದು ಬಾಯಿ ಮುಚ್ಚಿತು.

ಆ ಸಂಜೆಯೇ ಈರುಳ್ಳಿ ಮೂಟೆ ಇಳಿದವು. ನನ್ನ ಹಾಸಿಗೆ ಸುರುಳಿಯನ್ನು ಓಬಳೇಶ ಹೆಗಲ ಮೇಲೆ ಹಾಕಿಕೊಂಡು ಈ ಕಡೆಗೆ ತಂದ. ಚಪ್ಪಲಿಗಳನ್ನು ತರಲಿಲ್ಲ. ಅವು ಬೀದಿ ಬದಿ ಸಿಕ್ಕವು, ಹಳೇ ಸಾಮಾನಿನವನ ಹತ್ತಿರ ಕೊಂಡವು. ಪಂಡಿತರು ಬಂದಿರಲಿಲ್ಲ, ನೆಂಟರೂ ಬಂದಿರಲಿಲ್ಲ, ಯಾರೂ ಬಂದಿರಲಿಲ್ಲ.

ಲಕ್ಕಮ್ಮ ಹುರುಳಿಕಾಯಿ ಬಿಟ್ಟು ಇತ್ತ ತಿರುಗಿ ಕೂತಿದ್ದಾಳೆ. ಅವತ್ತಿನಿಂದ ಕೇಳಬೇಕೆಂದಿದ್ದನ್ನು ಈಗ ಕೇಳಿದಳು. ನಿದ್ದೆ ಬಂದಿತ್ತಾ, ಕೇಳಿಸಲಿಲ್ವಾ, ಹೂಂ ಆಯ್ತು ಅಂದಿದ್ದರೆ ಮನೆ ಉಳೀತಿತ್ತಲ್ಲ, ಯಾಕೆ ಅನ್ನಲಿಲ್ಲ ಎಂದು. ಕೇಳಿಸಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ಕಾಯುತ್ತಿದ್ದಳು.

“ಊಟ ಆಗಿರ್ಲಿಲ್ಲ ತಾಯಿ,” ಎಂದೆ. “ಆಯ್ತು ಅನ್ನೋಕೆ ಬಾಯಿ ಬರ್ಲಿಲ್ಲ. ಆಗಿಲ್ಲ ಅಂದ್ರೆ ನೀವು ಕರೀತಿದ್ರಿ. ನಾನು ಬಂದ್ಬಿಡ್ತಿದ್ದೆ. ಮನೆ ತುಂಬ ನೆಂಟರು ಅಂತ ಅವತ್ತು ಬೆಳಿಗ್ಗೆ ಊರಿಗೆಲ್ಲ ಕೂಗಿದ್ದೆ. ಅದಕ್ಕೇ ಜಾಡಿ ಹಿಡ್ಕೊಂಡು, ಉಸಿರು ಬಿಗಿ ಹಿಡಿದು, ನೀವು ದೀಪ ಆರಿಸೋ ತನಕ ಹಸ್ಕೊಂಡು ಕೂತಿದ್ದೆ.”

ಇದಕ್ಕೆ ನಾನು ಏನನ್ನೂ ಸೇರಿಸಿಲ್ಲ.